ಕಾಕಟೂ: ಹೆಸರಿನಲ್ಲೇ ಅಡಗಿದೆ ಹಡಗಿನ ಹಾದಿ

ತಲೆಯ ಮೇಲೆ ಜುಟ್ಟು, ಮೈತುಂಬ ಬಿಳಿ ಗರಿ, ಬಾಗಿದ ಬಲವಾದ ಕೊಕ್ಕು. ಮೃಗಾಲಯದಲ್ಲೋ ದೂರದರ್ಶನದಲ್ಲೋ ಈ ಹಕ್ಕಿಯನ್ನು ಕಂಡವರಿಗೆ ಅದರ ಹೆಸರು ಕಾಕಟೂ ಎಂಬುದು ತಿಳಿದಿರುತ್ತದೆ. ಇಂಗ್ಲಿಷ್ ಬಲ್ಲವರಿಗೆ ಈ ಪದದ ಮೊದಲರ್ಧದಲ್ಲಿ ಹುಂಜ ಕಾಣಿಸುತ್ತದೆ. ಸಂಸ್ಕೃತದ ಪರಿಚಯವಿರುವವರಿಗೆ ‘ಕಾಕ’, ಅಂದರೆ ಕಾಗೆ ನೆನಪಾಗುತ್ತದೆ. ವಾಸ್ತವವಾಗಿ ಈ ಹೆಸರಿಗೆ ಹುಂಜದ ನಂಟೂ ಇಲ್ಲ, ಸಂಸ್ಕೃತದ ಕಾಗೆಯ ನಂಟೂ ಇಲ್ಲ.

ಈ ಪದ ಬಂದದ್ದು ಆಗ್ನೇಯ ಏಷ್ಯಾದ ಮಲಯ ಭಾಷೆಯಿಂದ. (ಇದು ಇಂದಿನ ಮಲೇಷ್ಯಾ ಮತ್ತು ಇಂಡೊನೇಷ್ಯಾಗಳ ಭಾಷೆ. ನಮ್ಮ ನೆರೆಯ ಮಲಯಾಳಕ್ಕೂ ಇದಕ್ಕೂ ಸಂಬಂಧವಿಲ್ಲ.) ಮಲಯದ ‘ಕಕತುವಾ’ ಡಚ್ಚರ ಬಾಯಲ್ಲಿ ‘ಕಾಕಟು’ ಆಗಿ, ಅಲ್ಲಿಂದ ಇಂಗ್ಲಿಷಿಗೆ ದಾಟಿತು. ಇಷ್ಟರ ಮಟ್ಟಿಗೆ ನಿಘಂಟುಕಾರರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ‘ಕಕತುವಾ’ ಎಂದರೇನು, ಆ ಪದ ಮಲಯ ಭಾಷೆಗೆ ಬಂದದ್ದಾದರೂ ಎಲ್ಲಿಂದ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಹೊರಟರೆ ಭಾಷಾಶಾಸ್ತ್ರದ ಜತೆಗೆ ಭೂಗೋಳವನ್ನೂ, ವ್ಯಾಪಾರದ ಇತಿಹಾಸವನ್ನೂ ಓದಬೇಕಾಗುತ್ತದೆ. ಹಕ್ಕಿಗೆ ಜಗತ್ತಿನಾದ್ಯಂತ ಹೆಸರು ತಂದುಕೊಟ್ಟ ವ್ಯಾಪಾರವೇ ಇಂದು ಅದರ ಕೆಲವು ಪ್ರಭೇದಗಳನ್ನು ಅಳಿವಿನಂಚಿಗೆ ತಳ್ಳಿದೆ ಎಂಬುದು ಈ ಕಥೆಯ ಕಹಿ ಭಾಗ.

ಗಿಳಿಯೇ, ಆದರೆ ಬೇರೆ ಮನೆತನ

ಕಾಕಟೂ ಗಿಳಿಗಳ ಗಣಕ್ಕೆ ಸೇರಿದ ಹಕ್ಕಿ. ಆದರೆ ನಮ್ಮ ತೋಟಗಳಲ್ಲಿ ಕಾಣುವ ಹಸಿರು ಗಿಳಿಯ ಕುಟುಂಬ ಬೇರೆ, ಇದರ ಕುಟುಂಬ ಬೇರೆ. ಇದರ ಕುಟುಂಬವನ್ನು ವಿಜ್ಞಾನಿಗಳು ‘ಕಕಾಟುಯಿಡೆ’ ಎನ್ನುತ್ತಾರೆ. ಬಿಳಿ ಕಾಕಟೂಗಳ ಕುಲನಾಮ ‘ಕಕಾಟುವಾ’. ಎರಡೂ ಮಲಯ ಪದದ ಲ್ಯಾಟಿನ್ ರೂಪಗಳೇ. ಹೀಗೆ ಬಂದರುಕಟ್ಟೆಯ ಆಡುಮಾತೊಂದು ವಿಜ್ಞಾನದ ಪರಿಭಾಷೆಯಲ್ಲಿ ಶಾಶ್ವತವಾಗಿ ನೆಲೆಯೂರಿತು.

ಈ ಕುಟುಂಬದಲ್ಲಿ ಸುಮಾರು 21 ಪ್ರಭೇದಗಳಿವೆ. ಬೇಕೆಂದಾಗ ಎತ್ತಿ ಇಳಿಸಬಲ್ಲ ಜುಟ್ಟು ಇವುಗಳ ಪ್ರಧಾನ ಲಕ್ಷಣ. ಬೆದರಿದಾಗ, ಉದ್ರೇಕಗೊಂಡಾಗ ಜುಟ್ಟು ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತದೆ. ಇತರ ಗಿಳಿಗಳ ಗರಿಗಳಿಗೆ ಹಸಿರು, ನೀಲಿ ಬಣ್ಣ ಕೊಡುವ ಸೂಕ್ಷ್ಮ ರಚನೆ ಕಾಕಟೂಗಳ ಗರಿಯಲ್ಲಿಲ್ಲ. ಆದ್ದರಿಂದಲೇ ಇವು ಬಿಳಿ, ಕಪ್ಪು, ಬೂದು, ನಸುಗೆಂಪು ಬಣ್ಣಗಳಲ್ಲಷ್ಟೇ ಕಾಣಸಿಗುತ್ತವೆ. ಜುಟ್ಟು, ಕೆನ್ನೆ ಅಥವಾ ಬಾಲದಲ್ಲಿ ಹಳದಿ, ಕೆಂಪು ಇರುವುದುಂಟು.

ಇವುಗಳ ತವರು ಆಸ್ಟ್ರೇಲಿಯಾ, ನ್ಯೂಗಿನಿ, ಇಂಡೊನೇಷ್ಯಾದ ಪೂರ್ವಭಾಗದ ದ್ವೀಪಗಳು, ಸಾಲೊಮನ್ ದ್ವೀಪಗಳು ಮತ್ತು ಫಿಲಿಪ್ಪೀನ್ಸ್. ಭಾರತದ ಕಾಡುಗಳಲ್ಲಿ ಕಾಕಟೂ ಇಲ್ಲ. ಗಮನಿಸಬೇಕಾದ ಅಂಶವೆಂದರೆ ಮಲಯ ಭಾಷೆಯ ಮೂಲನೆಲೆಯಾದ ಮಲಯ ಪರ್ಯಾಯದ್ವೀಪ ಮತ್ತು ಸುಮಾತ್ರಾ ಕಾಡುಗಳಲ್ಲೂ ಅದು ಇಲ್ಲ. ಹೆಸರಿನ ಒಗಟು ಆರಂಭವಾಗುವುದು ಇಲ್ಲಿಂದಲೇ.

ಮುದಿ ಅಕ್ಕನೋ, ಇಕ್ಕಳವೋ, ಕೂಗೋ?

‘ಕಕತುವಾ’ ಪದಕ್ಕೆ ಮುಖ್ಯವಾಗಿ ಮೂರು ವಿವರಣೆಗಳಿವೆ.

ಮೊದಲನೆಯದು ಅತ್ಯಂತ ಜನಪ್ರಿಯವಾದದ್ದು. ಮಲಯ ಭಾಷೆಯಲ್ಲಿ ‘ಕಕಕ್’ ಎಂದರೆ ಅಕ್ಕ ಅಥವಾ ಅಣ್ಣ, ‘ತುವಾ’ ಎಂದರೆ ವಯಸ್ಸಾದ. ಆ ಭಾಷೆಯಲ್ಲಿ ವಿಶೇಷಣ ನಾಮಪದದ ನಂತರ ಬರುವುದರಿಂದ ‘ಕಕಕ್ ತುವಾ’ ಎಂದರೆ ‘ಮುದಿ ಅಕ್ಕ’ ಎಂದಾಗುತ್ತದೆ. ಜುಟ್ಟು ಕಟ್ಟಿಕೊಂಡು, ತಲೆ ಆಡಿಸುತ್ತ ಗದ್ದಲ ಮಾಡುವ ಬಿಳಿ ಹಕ್ಕಿಗೆ ಈ ಅರ್ಥ ಒಪ್ಪುವಂತೆಯೂ ಇದೆ. ಇಂಡೊನೇಷ್ಯಾದ ಮಕ್ಕಳೆಲ್ಲ ಬಲ್ಲ ‘ಬುರುಂಗ್ ಕಕತುವಾ’ ಎಂಬ ಹಾಡಿನಲ್ಲೂ ಹಕ್ಕಿಯ ಹೆಸರಿಗೆ ಮುಪ್ಪನ್ನು ಸೂಚಿಸುವ ‘ತುವಾ’ ಪದವೇ ಪ್ರಾಸವಾಗಿ ಬರುತ್ತದೆ.

ಎರಡನೆಯ ವಿವರಣೆಯ ಪ್ರಕಾರ ‘ಕಕತುವಾ’ ಎಂದರೆ ಇಕ್ಕಳ. ಇಂದಿಗೂ ಇಂಡೊನೇಷ್ಯಾದಲ್ಲಿ ಮೊಳೆ ಕೀಳುವ ಇಕ್ಕಳಕ್ಕೆ ಈ ಹೆಸರಿದೆ. ಕಾಕಟೂವಿನ ಕೊಕ್ಕು ಕಠಿಣವಾದ ಬೀಜ, ಕಾಯಿಗಳನ್ನು ಒಡೆಯುವಷ್ಟು ಬಲವಾದದ್ದು. ಮಲಯ ಭಾಷೆಯ ನಿಘಂಟು ರಚಿಸಿದ 19ನೇ ಶತಮಾನದ ವಿದ್ವಾಂಸ ಜಾನ್ ಕ್ರಾಫರ್ಡ್, ಪದದ ಮೂಲಾರ್ಥ ಇಕ್ಕಳವೆಂದೂ, ಅದು ಅನಂತರ ಹಕ್ಕಿಗೆ ಅನ್ವಯವಾಯಿತೆಂದೂ ಭಾವಿಸಿದ್ದರು.

ಮೂರನೆಯ ವಿವರಣೆ ಸರಳ. ಹಕ್ಕಿ ಕೂಗಿದಂತೆ ಹೆಸರು. 1638ರಲ್ಲಿ ಭಾರತಕ್ಕೆ ಬಂದಿದ್ದ ಜರ್ಮನ್ ಪ್ರವಾಸಿ ಮಾಂಡೆಲ್ಸ್ಲೊ ಅವರ ಪ್ರವಾಸಕಥನದ ಫ್ರೆಂಚ್ ಆವೃತ್ತಿಯಲ್ಲಿ, ಈ ಹಕ್ಕಿ ‘ಕಕಟು’ ಎಂದು ಸ್ಪಷ್ಟವಾಗಿ ಉಲಿಯುವುದರಿಂದ ಅದಕ್ಕೆ ಅದೇ ಹೆಸರು ಬಂದಿದೆ ಎಂಬ ವಿವರಣೆಯಿದೆ. ಹಕ್ಕಿಗಳಿಗೆ ಅವುಗಳ ಕೂಗನ್ನೇ ಹೆಸರಾಗಿಸುವುದು ಎಲ್ಲ ಭಾಷೆಗಳ ವಾಡಿಕೆ. ಕನ್ನಡದ ಕಾಗೆ, ಗೂಗೆಗಳನ್ನು ನೆನೆದರೆ ಸಾಕು. ಮಲಯಕ್ಕೆ ದೂರದ ಬಂಧುವಾದ, ನ್ಯೂಜಿಲೆಂಡ್ ಮೂಲನಿವಾಸಿಗಳ ಮಾವೊರಿ ಭಾಷೆಯಲ್ಲಿ ಗಿಳಿಯೊಂದರ ಹೆಸರು ‘ಕಾಕಾ’. ಅಲ್ಲಿನ ಹಾರಲಾರದ ಗಿಳಿ ‘ಕಾಕಾಪೊ’ ಎಂದರೆ ‘ರಾತ್ರಿಯ ಗಿಳಿ’ ಎಂದರ್ಥ.

ಮಂಗಳೂರಿನ ನ್ಯಾಯಾಧೀಶರಿದ್ದ ನಿಘಂಟು

ಮೂರು ವಿವರಣೆಗಳ ಪೈಕಿ ಯಾವುದನ್ನು ಒಪ್ಪಬೇಕು? ಈ ಪ್ರಶ್ನೆಯನ್ನು ಗಂಭೀರವಾಗಿ ಚರ್ಚಿಸಿದ ಗ್ರಂಥಗಳಲ್ಲಿ 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ಪ್ರಮುಖವಾದದ್ದು. ಭಾರತ ಮತ್ತು ಪೂರ್ವದೇಶಗಳಿಂದ ಇಂಗ್ಲಿಷಿಗೆ ಸೇರಿದ ಪದಗಳ ಈ ನಿಘಂಟನ್ನು ರಚಿಸಿದವರು ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್. ಇವರಲ್ಲಿ ಬರ್ನೆಲ್ ಕರ್ನಾಟಕದ ಕರಾವಳಿಗೆ ಹೊಸಬರಲ್ಲ. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ಅವರು ತುಳುನಾಡಿನ ಭೂತಾರಾಧನೆಯ ಕುರಿತು ಸಾಮಗ್ರಿ ಸಂಗ್ರಹಿಸಿದವರು. ದಕ್ಷಿಣ ಭಾರತದ ಲಿಪಿಗಳನ್ನು ಕುರಿತ ಅವರ ಪ್ರಸಿದ್ಧ ಗ್ರಂಥ 1874ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲೇ ಅಚ್ಚಾಯಿತು. 1882ರಲ್ಲಿ ಅವರು ನಿಧನರಾದ ನಂತರ ಯೂಲ್ ನಿಘಂಟನ್ನು ಪೂರ್ಣಗೊಳಿಸಿದರು.

ಕ್ರಾಫರ್ಡ್ ಅವರ ಅಭಿಪ್ರಾಯವನ್ನು ಈ ನಿಘಂಟು ತಿರುವುಮುರುವು ಮಾಡುತ್ತದೆ. ಉಪಕರಣದ ಹೆಸರು ಹಕ್ಕಿಗೆ ಬಂದಿರುವುದಕ್ಕಿಂತ ಹಕ್ಕಿಯ ಹೆಸರು ಉಪಕರಣಕ್ಕೆ ಬಂದಿರುವ ಸಾಧ್ಯತೆಯೇ ಹೆಚ್ಚು ಎಂಬುದು ಅದರ ವಾದ. ಲೋಕಾನುಭವವೂ ಹೀಗೆಯೇ ಇದೆ. ಕುದುರೆಯನ್ನು ಕಂಡು ಬಂದೂಕಿನ ಕುದುರೆಗೆ ಹೆಸರಿಟ್ಟೆವೇ ಹೊರತು ಬಂದೂಕನ್ನು ಕಂಡು ಕುದುರೆಗೆ ಹೆಸರಿಡಲಿಲ್ಲ. ಅಲ್ಲದೆ, ಹಕ್ಕಿಯ ಕೂಗಿನಿಂದ ಹುಟ್ಟಿದ್ದೆನ್ನಲಾದ ಈ ಹೆಸರು ದ್ವೀಪಸಮೂಹದ ಯಾವುದೋ ದೂರದ ಭಾಗದಿಂದ ಹಕ್ಕಿಯ ಜತೆಗೇ ಬಂದಿರಬಹುದು ಎಂದೂ ನಿಘಂಟು ಊಹಿಸುತ್ತದೆ. ಈ ಊಹೆಗೆ ಬಲ ಕೊಡುವುದು ಭೂಗೋಳ.

ಜಲಸಂಧಿಯ ಆಚೆಗೊಂದು ಲೋಕ

1856ರಲ್ಲಿ ಇಂಗ್ಲಿಷ್ ನಿಸರ್ಗಶಾಸ್ತ್ರಜ್ಞ ಆಲ್‌ಫ್ರೆಡ್ ರಸೆಲ್ ವ್ಯಾಲೆಸ್ ಬಾಲಿ ದ್ವೀಪದಿಂದ ಪಕ್ಕದ ಲೊಂಬೊಕ್ ದ್ವೀಪಕ್ಕೆ ದಾಟಿದರು. ನಡುವಿನ ಜಲಸಂಧಿಯ ಅಗಲ 20ರಿಂದ 40 ಕಿ.ಮೀ. ಮಾತ್ರ. ಆದರೆ ಅತ್ತ ಇಳಿದ ಕೂಡಲೇ ಅವರಿಗೆ ಬೇರೆಯೇ ಪ್ರಪಂಚ ಎದುರಾಯಿತು. ಬಾಲಿಯಲ್ಲಿ ಏಷ್ಯಾದ ಹಕ್ಕಿಗಳಿದ್ದರೆ ಲೊಂಬೊಕ್‌ನಲ್ಲಿ ಆಸ್ಟ್ರೇಲಿಯಾ ಕಡೆಯ ಹಕ್ಕಿಗಳಿದ್ದವು. ಅವುಗಳಲ್ಲಿ ಥಟ್ಟನೆ ಕಣ್ಸೆಳೆದದ್ದು ಬಿಳಿ ಕಾಕಟೂ. ಹಿಮಯುಗದಲ್ಲಿ ಸಮುದ್ರಮಟ್ಟ ತಗ್ಗಿದಾಗ ಬಾಲಿ, ಜಾವಾ, ಸುಮಾತ್ರಾಗಳು ಏಷ್ಯಾದ ನೆಲಕ್ಕೆ ಕೂಡಿಕೊಂಡಿದ್ದವು. ಆದರೆ ಲೊಂಬೊಕ್ ಜಲಸಂಧಿ ಬಹು ಆಳವಾದದ್ದರಿಂದ ಆಗಲೂ ನೀರಾಗಿಯೇ ಉಳಿದಿತ್ತು. ಎರಡು ಜೀವಲೋಕಗಳನ್ನು ಬೇರ್ಪಡಿಸುವ ಈ ಗಡಿಯೇ ‘ವ್ಯಾಲೆಸ್ ರೇಖೆ’ ಎಂದು ಪ್ರಸಿದ್ಧವಾಯಿತು.

ಹಾಗಾದರೆ ಮಲಯ ಮಾತನಾಡುವವರಿಗೆ ಈ ಹಕ್ಕಿ ಸಿಕ್ಕಿದ್ದು ಎಲ್ಲಿ? ಉತ್ತರ: ಬಂದರುಗಳಲ್ಲಿ. ಲವಂಗ, ಜಾಯಿಕಾಯಿ ಬೆಳೆಯುತ್ತಿದ್ದ ಪೂರ್ವದ ಮಲುಕು ದ್ವೀಪಗಳಿಗೂ ಪಶ್ಚಿಮದ ಬಂದರುಗಳಿಗೂ ಶತಮಾನಗಳಿಂದ ನೌಕಾಸಂಪರ್ಕವಿತ್ತು. ನೂರಾರು ಭಾಷೆಗಳ ಆ ದ್ವೀಪಸಮೂಹದಲ್ಲಿ ವರ್ತಕರೆಲ್ಲರೂ ಬಳಸುತ್ತಿದ್ದ ವ್ಯವಹಾರಭಾಷೆ ಮಲಯ. ಸಂಬಾರ ಪದಾರ್ಥ ತುಂಬಿದ ದೋಣಿಗಳಲ್ಲೇ ಹಕ್ಕಿಗಳೂ ಪಶ್ಚಿಮಕ್ಕೆ ಬಂದವು. ‘ಕಕತುವಾ’ ಮಲಯರ ಕಾಡಿನಲ್ಲಿ ಹುಟ್ಟಿದ ಪದವಲ್ಲ, ಮಲಯರ ಮಾರುಕಟ್ಟೆಯಲ್ಲಿ ಬೆಳೆದ ಪದ ಎಂದು ತಿಳಿಯುವುದು ಹೆಚ್ಚು ಸಮಂಜಸ.

ಆಗ ‘ಮುದಿ ಅಕ್ಕ’ನ ಕಥೆ ಏನಾಯಿತು? ಪರಿಚಯವಿಲ್ಲದ ಪದವೊಂದು ಬಂದಾಗ ಜನ ಅದರಲ್ಲಿ ತಮಗೆ ಗೊತ್ತಿರುವ ಪದಗಳನ್ನು ಹುಡುಕುತ್ತಾರೆ. ಇದಕ್ಕೆ ಭಾಷಾಶಾಸ್ತ್ರದಲ್ಲಿ ಜನಪದ ವ್ಯುತ್ಪತ್ತಿ ಎನ್ನುತ್ತಾರೆ. ಹೊಯ್ಸಳ ರಾಜ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಿದ್ದರಿಂದ ‘ಬೆಂದಕಾಳೂರು’ ಎಂಬ ಹೆಸರು ಬಂತೆಂದು ನಾವು ಹೇಳುತ್ತೇವೆ. ಆದರೆ ಆ ರಾಜನಿಗಿಂತ ಸುಮಾರು ಮುನ್ನೂರು ವರ್ಷ ಮೊದಲಿನ ಬೇಗೂರು ಶಾಸನದಲ್ಲೇ ‘ಬೆಂಗಳೂರು’ ಎಂಬ ಹೆಸರಿದೆ. ಕಥೆ ಸೊಗಸಾಗಿದೆ ಎಂಬ ಮಾತ್ರಕ್ಕೆ ಅದು ಪದದ ಮೂಲವಾಗುವುದಿಲ್ಲ. ‘ಮುದಿ ಅಕ್ಕ’ನ ಕಥೆಯನ್ನೂ ಇದೇ ಎಚ್ಚರದಿಂದ ನೋಡಬೇಕಾಗುತ್ತದೆ.

ಹಡಗೇರಿದ ಹೆಸರು

ಹೆಸರಿಗಿಂತ ಮೊದಲೇ ಹಕ್ಕಿ ಯೂರೋಪನ್ನು ಮುಟ್ಟಿತ್ತು. ಪವಿತ್ರ ರೋಮನ್ ಚಕ್ರವರ್ತಿ ಎರಡನೇ ಫ್ರೆಡರಿಕ್ 1240ರ ದಶಕದಲ್ಲಿ ಡೇಗೆ ಬೇಟೆಯ ಕುರಿತು ಗ್ರಂಥವೊಂದನ್ನು ರಚಿಸಿದ. ವ್ಯಾಟಿಕನ್ ಗ್ರಂಥಾಲಯದಲ್ಲಿರುವ ಅದರ ಹಸ್ತಪ್ರತಿಯಲ್ಲಿ ಬಿಳಿ ಕಾಕಟೂವಿನ ನಾಲ್ಕು ಚಿತ್ರಗಳಿವೆ ಎಂಬುದನ್ನು ಫಿನ್ಲೆಂಡ್ ಮತ್ತು ಆಸ್ಟ್ರೇಲಿಯಾದ ವಿದ್ವಾಂಸರು 2018ರಲ್ಲಿ ಪ್ರಕಟಿಸಿದರು. ಆ ಹಕ್ಕಿ ಈಜಿಪ್ಟಿನ ಸುಲ್ತಾನ ಅಲ್-ಕಾಮಿಲ್ ಕಳುಹಿಸಿದ ಉಡುಗೊರೆ. ಅದುವರೆಗೆ, ಇಟಲಿಯ ಕಲಾವಿದ ಮಾಂತೆನ್ಯಾ 1496ರಲ್ಲಿ ರಚಿಸಿದ ವರ್ಣಚಿತ್ರದಲ್ಲಿನ ಕಾಕಟೂವೇ ಯೂರೋಪಿನಲ್ಲಿ ಅತ್ಯಂತ ಹಳೆಯದೆಂದು ನಂಬಲಾಗಿತ್ತು. ಪೂರ್ವದ ದ್ವೀಪವೊಂದರಲ್ಲಿ ಸೆರೆಸಿಕ್ಕ ಹಕ್ಕಿ ಕೈಯಿಂದ ಕೈಗೆ ದಾಟುತ್ತ, ಯೂರೋಪಿನ ಹಡಗುಗಳು ಆ ಸಮುದ್ರಕ್ಕೆ ಕಾಲಿಡುವ ಎರಡೂವರೆ ಶತಮಾನ ಮೊದಲೇ ಇಟಲಿಯ ಅರಮನೆ ಸೇರಿತ್ತೆಂದರೆ ಈ ವ್ಯಾಪಾರಜಾಲದ ವಿಸ್ತಾರವನ್ನು ಊಹಿಸಬಹುದು.

1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಸ್ಥಾಪನೆಯಾದ ಮೇಲೆ ಹಕ್ಕಿಯ ಜತೆಗೆ ಹೆಸರೂ ಪಯಣಿಸತೊಡಗಿತು. 1670ರ ದಶಕದಲ್ಲಿ ಭಾರತದಲ್ಲಿದ್ದ ಇಂಗ್ಲಿಷ್ ಕಂಪನಿಯ ವೈದ್ಯ ಜಾನ್ ಫ್ರಯರ್, ಜಾವಾದ ಬಾಂಟಮ್ ಬಂದರಿನಿಂದ ಬರುತ್ತಿದ್ದ ಕಾಕಟೂಗಳನ್ನು ತಮ್ಮ ಪ್ರವಾಸಕಥನದಲ್ಲಿ ನಮೂದಿಸಿದ್ದಾರೆ. ನಮ್ಮ ಕಾರವಾರ, ಗೋಕರ್ಣಗಳನ್ನೂ ಕಂಡು ಬರೆದ ಪ್ರವಾಸಿ ಈತ. ಜಾವಾ ಕಾಡುಗಳಲ್ಲಿ ಕಾಕಟೂ ಇರಲಿಲ್ಲ. ಬಾಂಟಮ್ ಅವುಗಳ ಪಾಲಿಗೆ ಸಂತೆ ಮಾತ್ರವಾಗಿತ್ತು.

ಅಂದಿನ ಇಂಗ್ಲಿಷ್ ಬರವಣಿಗೆಯಲ್ಲಿ ಈ ಹೆಸರು ಕಕಾಟೊ, ಕಾಕಟೂನ್, ಕ್ರಾಕಡೋರ್ ಎಂದೆಲ್ಲ ರೂಪ ತಳೆಯಿತು. ಕೊನೆಗೆ ನೆಲೆನಿಂತದ್ದು, ಇಂಗ್ಲಿಷರಿಗೆ ಪರಿಚಿತವಾದ ‘ಕಾಕ್’, ಅಂದರೆ ಹುಂಜ ಎಂಬ ಪದವನ್ನು ಹೋಲುವ ಕಾಕಟೂ. ಮಲಯರು ಅಕ್ಕನನ್ನು ಕಂಡ ಕಡೆ ಇಂಗ್ಲಿಷರು ಹುಂಜವನ್ನು ಕಂಡರು!

ನಮ್ಮಲ್ಲೂ ಇದೇ ನಡೆದಿದೆ. ಕಾಕಟೂ ಕುಟುಂಬದ ಅತಿ ಚಿಕ್ಕ ಸದಸ್ಯ ಕಾಕಟೀಲ್. ಬೂದುಬಣ್ಣದ ಮೈ, ಹಳದಿ ಮುಖ, ಕೆನ್ನೆಯ ಮೇಲೆ ಕಿತ್ತಳೆ ಬೊಟ್ಟು ಇರುವ ಈ ಹಕ್ಕಿಯನ್ನು ಬೆಂಗಳೂರಿನ ಅನೇಕ ಮನೆಗಳಲ್ಲಿ ಸಾಕುತ್ತಾರೆ. ‘ಪುಟ್ಟ ಕಾಕಟೂ’ ಎಂಬರ್ಥದ ಪೋರ್ಚುಗೀಸ್ ಪದ ಡಚ್ಚರ ಮೂಲಕ ಇಂಗ್ಲಿಷಿಗೆ ಬಂದು ಕಾಕಟೀಲ್ ಆಯಿತು. ಅದೇ ಪದ ನಮ್ಮ ಪಕ್ಷಿ ಅಂಗಡಿಗಳಲ್ಲಿ ‘ಕಾಕ್‌ಟೇಲ್’ ಆಗಿದೆ. ಪಾನೀಯಕ್ಕೂ ಹಕ್ಕಿಗೂ ಸಂಬಂಧವಿಲ್ಲ. ಕಿವಿಗೆ ಪರಿಚಿತವಾದ ಪದ ಅಪರಿಚಿತ ಪದವನ್ನು ನುಂಗಿತು, ಅಷ್ಟೆ.

ಹೆಸರು ಬದಲಿಸಿದ ಆಸ್ಟ್ರೇಲಿಯಾ

ಕಾಕಟೂಗಳ ಅತಿ ಹೆಚ್ಚು ಪ್ರಭೇದಗಳಿರುವ ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿಗಳು ಇವುಗಳಿಗೆ ತಮ್ಮದೇ ಹೆಸರುಗಳನ್ನು ಇಟ್ಟಿದ್ದರು. ನಸುಗೆಂಪು ಎದೆಯ ‘ಗಲಾ’, ಬಿಳಿಯ ‘ಕೊರೆಲಾ’ ಹಕ್ಕಿಗಳ ಹೆಸರುಗಳು ಆ ಭಾಷೆಗಳಿಂದ ಇಂಗ್ಲಿಷಿಗೆ ಬಂದವು. ಆದರೆ ಅನೇಕ ಹಕ್ಕಿಗಳಿಗೆ ವಲಸೆ ಬಂದವರ ಹೆಸರುಗಳೇ ಅಂಟಿಕೊಂಡವು.

ಅಂಥದ್ದೊಂದು ‘ಮೇಜರ್ ಮಿಚೆಲ್ ಕಾಕಟೂ’. ಬಿಳಿ ಮತ್ತು ನಸುಗೆಂಪು ಮೈಬಣ್ಣ, ಕೆಂಪು-ಹಳದಿ ಪಟ್ಟೆಯ ಜುಟ್ಟಿನ ಈ ಸುಂದರ ಹಕ್ಕಿಗೆ ಭೂಮಾಪಕ ಹಾಗೂ ಅನ್ವೇಷಕ ಥಾಮಸ್ ಮಿಚೆಲ್ ಅವರ ಹೆಸರಿತ್ತು. 1836ರ ಮೇ ತಿಂಗಳಲ್ಲಿ ಮೌಂಟ್ ಡಿಸ್ಪರ್ಷನ್ ಎಂಬಲ್ಲಿ ಅವರ ತಂಡ ಕನಿಷ್ಠ ಏಳು ಮಂದಿ ಮೂಲನಿವಾಸಿಗಳನ್ನು ಗುಂಡಿಕ್ಕಿ ಕೊಂದಿತ್ತು. ಈ ಹಿನ್ನೆಲೆಯಲ್ಲಿ ‘ಬರ್ಡ್‌ಲೈಫ್ ಆಸ್ಟ್ರೇಲಿಯಾ’ ಸಂಸ್ಥೆ 2023ರಲ್ಲಿ ಆ ಹೆಸರನ್ನು ಕೈಬಿಟ್ಟು ‘ಪಿಂಕ್ ಕಾಕಟೂ’ ಎಂಬ ಹೆಸರನ್ನು ಅಂಗೀಕರಿಸಿತು. ಹಕ್ಕಿಯ ಹೆಸರು ಹಕ್ಕಿಯ ಬಗ್ಗೆ ಹೇಳುವುದಕ್ಕಿಂತ ಹೆಸರಿಟ್ಟವರ ಬಗ್ಗೆಯೇ ಹೆಚ್ಚು ಹೇಳುತ್ತದೆ ಎಂಬುದಕ್ಕೆ ಇದು ನಿದರ್ಶನ.

ನೀರಿನ ಬಾಟಲಿಯಲ್ಲಿ ಹಕ್ಕಿ

ಹೆಸರನ್ನು ಹೊತ್ತು ತಂದ ಹಡಗಿನ ಹಾದಿ ಇನ್ನೂ ಮುಚ್ಚಿಲ್ಲ. 2015ರ ಮೇ ತಿಂಗಳಲ್ಲಿ ಜಾವಾದ ಸುರಬಾಯ ನಗರದ ತಂಜುಂಗ್ ಪೆರಾಕ್ ಬಂದರಿನಲ್ಲಿ ಪೊಲೀಸರು ಹಡಗಿನಿಂದ ಇಳಿದ ಪ್ರಯಾಣಿಕನೊಬ್ಬನನ್ನು ಬಂಧಿಸಿದರು. ಆತನ ಬಳಿ ಪ್ಲಾಸ್ಟಿಕ್ ನೀರಿನ ಬಾಟಲಿಗಳೊಳಗೆ ತುರುಕಿದ್ದ ಇಪ್ಪತ್ತಕ್ಕೂ ಹೆಚ್ಚು ಹಳದಿ ಜುಟ್ಟಿನ ಕಾಕಟೂಗಳು ಪತ್ತೆಯಾದವು. ಬಾಟಲಿಯಿಂದ ತಲೆ ಹೊರಚಾಚಿದ ಹಕ್ಕಿಗಳ ಛಾಯಾಚಿತ್ರ ಜಗತ್ತಿನಾದ್ಯಂತ ಪ್ರಕಟವಾಯಿತು.

ಅಂದು ಲೊಂಬೊಕ್‌ನಲ್ಲಿ ವ್ಯಾಲೆಸ್ ಕಂಡದ್ದು ಇದೇ ಹಳದಿ ಜುಟ್ಟಿನ ಕಾಕಟೂವನ್ನು. ಇಂದು ಅದು ‘ತೀವ್ರ ಅಪಾಯದಲ್ಲಿರುವ’ ಪ್ರಭೇದಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿದೆ. ಕಾಡಿನಲ್ಲಿ ಉಳಿದಿರುವ ಪ್ರೌಢ ಹಕ್ಕಿಗಳ ಸಂಖ್ಯೆ 1,200ರಿಂದ 2,000 ಇರಬಹುದೆಂಬ ಅಂದಾಜಿದೆ. ಕಾಡಿನ ನಾಶದ ಜತೆಗೆ, ಸಾಕುವುದಕ್ಕಾಗಿ ನಡೆದ ಮಿತಿಮೀರಿದ ಸೆರೆಯೇ ಇದಕ್ಕೆ ಮುಖ್ಯ ಕಾರಣ. ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ‘ಸೈಟಿಸ್’ ಒಪ್ಪಂದದ ಸದಸ್ಯರಾಷ್ಟ್ರಗಳು 2004ರ ಬ್ಯಾಂಕಾಕ್ ಸಮ್ಮೇಳನದಲ್ಲಿ ಇದನ್ನು ಅತ್ಯಂತ ಕಠಿಣ ನಿರ್ಬಂಧದ ಮೊದಲ ಅನುಬಂಧಕ್ಕೆ ಸೇರಿಸಿದವು. ವಿಪರ್ಯಾಸವೆಂದರೆ, ಈ ಹಕ್ಕಿಯ ತವರಲ್ಲದ ಹಾಂಕಾಂಗ್ ನಗರದ ಉದ್ಯಾನಗಳಲ್ಲಿ, ಹಿಂದೆ ಪಂಜರದಿಂದ ಹೊರಬಂದ ಹಕ್ಕಿಗಳ ಸಂತತಿಯಾದ ಸುಮಾರು ಇನ್ನೂರು ಕಾಕಟೂಗಳು ಸ್ವಚ್ಛಂದವಾಗಿ ಹಾರಾಡಿಕೊಂಡಿವೆ.

ಕಾಕಟೂವನ್ನು ಮನುಷ್ಯ ಬಯಸುವುದು ಅದರ ಬುದ್ಧಿವಂತಿಕೆಗಾಗಿ. ಆ ಬುದ್ಧಿಯೇ ಪಂಜರದ ಬದುಕನ್ನು ಅದಕ್ಕೆ ಅಸಹನೀಯವಾಗಿಸುತ್ತದೆ. ಸಿಡ್ನಿ ನಗರದ ಕಾಕಟೂಗಳು ಕೊಕ್ಕು, ಕಾಲುಗಳಿಂದ ಕಸದ ತೊಟ್ಟಿಯ ಭಾರವಾದ ಮುಚ್ಚಳ ತೆರೆಯುವುದನ್ನು ಒಂದರಿಂದೊಂದು ನೋಡಿ ಕಲಿತಿವೆ. 2018ಕ್ಕೆ ಮುನ್ನ ಮೂರು ಬಡಾವಣೆಗಳಲ್ಲಷ್ಟೇ ಕಂಡಿದ್ದ ಈ ವಿದ್ಯೆ 2019ರ ಅಂತ್ಯದ ವೇಳೆಗೆ 44 ಬಡಾವಣೆಗಳಿಗೆ ಹರಡಿತ್ತು ಎಂದು 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿದೆ. ಹಿಂಡಿನಲ್ಲಿ ಬಾಳುವ ಇಂಥ ಹಕ್ಕಿಯನ್ನು ಒಂಟಿಯಾಗಿ ಕೂಡಿಟ್ಟರೆ ಬೇಸರದಿಂದ ತನ್ನ ಗರಿಗಳನ್ನು ತಾನೇ ಕಿತ್ತುಕೊಳ್ಳುವುದುಂಟು.

ಇದರ ಆಯುಸ್ಸೂ ದೀರ್ಘ. ಅಮೆರಿಕದ ಬ್ರೂಕ್‌ಫೀಲ್ಡ್ ಮೃಗಾಲಯದಲ್ಲಿದ್ದ ‘ಕುಕಿ’ ಎಂಬ ಪಿಂಕ್ ಕಾಕಟೂ 2016ರಲ್ಲಿ ಸತ್ತಾಗ ಅದಕ್ಕೆ 83 ವರ್ಷ. ನಡುವಯಸ್ಸಿನಲ್ಲಿ ಕಾಕಟೂ ಕೊಂಡವರು ಅದರ ಹೊಣೆಯನ್ನು ಮಕ್ಕಳಿಗೆ ಬಿಟ್ಟುಹೋಗಬೇಕಾದೀತು. ವ್ಯುತ್ಪತ್ತಿಯಾಗಿ ಸಂದೇಹಾಸ್ಪದವಾದ ‘ಮುದಿ ಅಕ್ಕ’ ಆಯುಸ್ಸಿನ ವಿಷಯದಲ್ಲಿ ಮಾತ್ರ ನಿಜವೇ.

ಸಾಕುವವರು ತಿಳಿದಿರಬೇಕಾದದ್ದು

ಭಾರತದಲ್ಲಿ ಕಾಕಟೂ ಸಾಕುವುದು ಈಗ ಕೇವಲ ಹವ್ಯಾಸದ ವಿಷಯವಲ್ಲ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯಿದೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಸೈಟಿಸ್ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಪಕ್ಷಿಗಳನ್ನು ಅದರ ನಾಲ್ಕನೇ ಅನುಸೂಚಿಯಲ್ಲಿ ಸೇರಿಸಲಾಗಿದೆ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳ ಪ್ರಕಾರ ಇಂಥ ಜೀವಿಗಳನ್ನು ಇಟ್ಟುಕೊಂಡವರು ‘ಪರಿವೇಶ್’ ಜಾಲತಾಣದ ಮೂಲಕ ನೋಂದಾಯಿಸಬೇಕು. ಕಾಕಟೂಗಳಿಗೆ ಇದು ಅನ್ವಯಿಸುತ್ತದೆ. ಬಂಧನದಲ್ಲೇ ಹೇರಳವಾಗಿ ಮರಿಮಾಡುವ ಕಾಕಟೀಲ್‌ಗೆ ಸೈಟಿಸ್ ಪಟ್ಟಿಯಿಂದಲೇ ವಿನಾಯಿತಿ ಇದೆ. ನಮ್ಮ ನಾಡಿನ ಹಸಿರು ಗಿಳಿಗಳನ್ನು ಪಂಜರದಲ್ಲಿ ಇಡುವುದಂತೂ ಅಪರಾಧ.

ಆದ್ದರಿಂದ ಕಾಕಟೂ ಮಾರಾಟಕ್ಕಿದೆ ಎಂದು ಯಾರಾದರೂ ಹೇಳಿದರೆ, ಬೆಲೆ ಕೇಳುವ ಮೊದಲು ಅದು ಎಲ್ಲಿಂದ ಬಂತು, ಹೇಗೆ ಬಂತು ಎಂದು ಕೇಳಿ ದಾಖಲೆ ನೋಡುವುದು ಒಳಿತು. ಹೆಸರಿನ ವಿಷಯದಲ್ಲಿ ಈ ಪ್ರಶ್ನೆಗಳಿಗೆ ತಡವಾಗಿ ಉತ್ತರ ಸಿಕ್ಕರೂ ನಷ್ಟವಿಲ್ಲ. ಹಕ್ಕಿಯ ವಿಷಯದಲ್ಲಿ ತಡವಾದರೆ ಕಾಡಿನಲ್ಲಿ ಹಕ್ಕಿ ಇಲ್ಲವಾಗಿ, ನಿಘಂಟಿನಲ್ಲಿ ಹೆಸರಷ್ಟೇ ಉಳಿದೀತು.